ತಂತಿಕೋಣೆಯ ಗೋಡೆ

ಆ ನಾಡಿನ ಗೋಡೆಗಳಿಗೆ ಕಿವಿಯೂ ಇತ್ತು, ನೆನಪೂ ಇತ್ತು; ಕೆನ್ನೆಯಿಟ್ಟರೆ ಹಳೆಯ ಮಾತು ಕೇಳುತ್ತಿತ್ತು. ಯುದ್ಧಕಾಲದಲ್ಲಿ ಅಧ್ಯಕ್ಷರು ಸರ್ಕಾರ ನಡೆಸಿದ ಮನೆ ಈಗ ಮ್ಯೂಸಿಯಂ ಆಗಿತ್ತು. ಗೋಡೆಯಲ್ಲುಳಿದ ಅವರ ಭಾಷಣ ಕೇಳಲು ಜನ ದೊಡ್ಡ ಹಾಲಿಗೆ ನುಗ್ಗಿದರೆ, ರುಕ್ಮಾಬಾಯಿ ಮಾತ್ರ ತಂತಿ ಕಳಿಸುವ ಕೋಣೆಗೆ ಹೋದಳು. ಅವಳ ಗಂಡ ವಾಸಪ್ಪ ಅಲ್ಲಿ ಗುಮಾಸ್ತನಾಗಿದ್ದ. ಅವನನ್ನು ಗಡಿಗೆ ಅಟ್ಟಿ ಸಾಯಿಸಿದರೆಂದು ಅಧ್ಯಕ್ಷರನ್ನು ಮೂವತ್ತು ವರ್ಷ ಶಪಿಸಿದ್ದಳು.

ತಣ್ಣನೆಯ ಗೋಡೆಗೆ ಕೆನ್ನೆಯಿಟ್ಟಳು. ಕನಸಿನಾಚೆಯಿಂದ ಬಂದಂತೆ ಅಧ್ಯಕ್ಷರ ದನಿ ಕೇಳಿಸಿತು: "ಮನೇಲಿ ಹೆಂಡತಿ ಇದ್ದಾಳಲ್ಲಪ್ಪಾ, ನೀನು ಬೇಡ."

"ಅವಳು ಗಟ್ಟಿಗಿತ್ತಿ, ಸ್ವಾಮಿ. ನಾನೇ ಹೋಗ್ತೀನಿ," ಅಂದ ವಾಸಪ್ಪ.

ರುಕ್ಮಾಬಾಯಿಗೆ ಕಣ್ಣು ತುಂಬಿ ಬಂತು. ಗೋಡೆಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು: "ನನಗೊಂದು ಮಾತು ಹೇಳಬಾರದಿತ್ತೇನ್ರೀ? ಬುತ್ತಿಯನ್ನಾದರೂ ಕಟ್ಟಿಕೊಡ್ತಿದ್ದೆ."