ಬೇಲಿಯ ಹೊರಗಿನ ಪ್ರಾರ್ಥನೆ

ಆಗತಾನೇ ಅಗೆದ ಕೆಮ್ಮಣ್ಣಿನ ವಾಸನೆ ಬಂದರೆ ಈಗಲೂ ನನಗೆ ಪೋತ್ತನೂರಿನ ಆ ಮಧ್ಯಾಹ್ನ ನೆನಪಾಗುತ್ತದೆ. ಅಪ್ಪ ಅಲ್ಲಿನ ಚರ್ಚಿನ ಪಾದ್ರಿಯಾಗಿದ್ದರು. ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ, ಅದೇ ಚರ್ಚಿಗೆ ಬರುತ್ತಿದ್ದ ದೇವಸಹಾಯಂ ಮಾಮ ತಾವಾಗಿಯೇ ಜೀವ ಕಳೆದುಕೊಂಡಿದ್ದರು.

"ಅಂಥವರಿಗೆ ನಮ್ಮ ಸಮಾಧಿ ತೋಟದಲ್ಲಿ ಜಾಗವಿಲ್ಲ ಅಯ್ಯಾ," ಎಂದರು ಚರ್ಚಿನ ಸಭೆಯ ಹಿರಿಯರು.

ಅಪ್ಪ ಎದುರಾಡಲಿಲ್ಲ. ಬೇಲಿಯ ಹೊರಗೆ, ಕಳ್ಳಿಗಿಡಗಳ ನಡುವೆ ಗುಂಡಿ ತೋಡಿಸಿ, ಪೂರ್ತಿ ಪ್ರಾರ್ಥನೆಯನ್ನು ತಾವೇ ಓದಿದರು. ಮಾಮನ ಹೆಂಡತಿ ಹಿಡಿಮಣ್ಣನ್ನು ಕೈಯಲ್ಲೇ ಬಿಗಿಹಿಡಿದು ಕೇಳಿದರು: "ಅಯ್ಯಾ, ಬೇಲಿಯ ಹೊರಗೆ ಹೇಳಿದ್ದು ದೇವರಿಗೆ ಕೇಳಿಸುತ್ತಾ?"

"ಕೇಳಿಸುತ್ತಮ್ಮಾ," ಎಂದರು ಅಪ್ಪ. ಆಕೆ ಮಣ್ಣು ಹಾಕಿದರು.

ಆಮೇಲೆ ಮನೆಯಲ್ಲಿ ಊಟಕ್ಕೆ ಕೂತ ಅಪ್ಪ, ಅನ್ನ ಮುಟ್ಟದೆ, ಮೆಲ್ಲಗೆ ಅಮ್ಮನನ್ನು ಕೇಳಿದರು: "ಕೇಳಿಸಿರುತ್ತೆ, ಅಲ್ವೇನೇ?"

ಮಜ್ಜಿಗೆ ಬಡಿಸುತ್ತಿದ್ದ ಅಮ್ಮ, ಅಪ್ಪ ಮುಟ್ಟದ ಅನ್ನದ ಮೇಲೆ ಇನ್ನೊಂದು ಸೌಟು ಹಾಕಿದರು.