ಪಿತ್ತಶಮನ ಸ್ಮೂದಿ

ಆಯುರ್ವೇದದ ಅಡುಗೆ ಶಿಬಿರಕ್ಕೆ ಹೋಗಿ ಬಂದ ಮೇಲೆ ಸುಲೋಚನಮ್ಮ ದಿನಾ ಬೆಳಗ್ಗೆ ಗಂಡನ ಕೈಗೆ ದೊಡ್ಡ ಲೋಟದ ತುಂಬ ಹಸಿರು ಸ್ಮೂದಿ ಕೊಡತೊಡಗಿದರು.

"ಸೋರೆಕಾಯಿ, ನೆಲ್ಲಿಕಾಯಿ, ದಾಳಿಂಬೆ. ನಿಮ್ಮ ಪಿತ್ತಕ್ಕೆ ಹೇಳಿ ಮಾಡಿಸಿದ ಹಾಗಿದೆ ರೀ. ಬಾಲ್ಕನಿಯಲ್ಲಿ ಎಳೆಬಿಸಿಲಿಗೆ ಕೂತು ಕುಡೀರಿ."

ಮಾರ್ತಾಂಡರಾಯರು ಬಾಲ್ಕನಿಗೆ ಹೋಗಿ, ಮೂಗು ಮುಚ್ಚಿಕೊಂಡು ಅದನ್ನು ಕರಿಬೇವಿನ ಕುಂಡಕ್ಕೆ ಸುರಿದು, ಬಾಯಿ ಒರೆಸಿಕೊಳ್ಳುತ್ತಾ ಒಳಗೆ ಬರುತ್ತಿದ್ದರು. ನೀರು ಹಾಕಿ ಎಂದು ಹೆಂಡತಿ ವರ್ಷವಿಡೀ ಗೋಗರೆದರೂ ಅವರು ತಿರುಗಿ ನೋಡದಿದ್ದ ಗಿಡ ಅದು. ಒಣಗಿ ಕಡ್ಡಿಯಾಗಿದ್ದದ್ದು ತಿಂಗಳೊಳಗೆ ಮೈತುಂಬ ಚಿಗುರಿತು.

ಒಂದು ಬೆಳಗ್ಗೆ ಆ ಚಿಗುರು ನೋಡಿ ರಾಯರಿಗೆ ನಾಚಿಕೆಯಾಯಿತು. ಸತ್ತ ಗಿಡಕ್ಕೇ ಜೀವ ಬಂದಿದೆ, ಇನ್ನು ತನಗೆಷ್ಟು ಒಳ್ಳೆಯದಾಗುತ್ತಿತ್ತೋ! ಪಾಪ, ಅವಳು ಕಷ್ಟಪಟ್ಟು ಮಾಡಿದ್ದು. ದೇವರನ್ನು ನೆನೆದು ಗಟಗಟನೆ ಲೋಟ ಖಾಲಿ ಮಾಡಿದರು.

"ನಿಜ ಹೇಳ್ತೀನಿ ಕಣೇ, ಇಷ್ಟು ದಿನ ಚೆಲ್ತಿದ್ದೆ. ಇವತ್ತು ಪೂರ್ತಿ ಕುಡಿದೆ," ಎಂದರು ಎದೆಯುಬ್ಬಿಸಿ.

ಸುಲೋಚನಮ್ಮನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

"ಅಯ್ಯೋ ರಾಮ, ಕುಡಿದೇಬಿಟ್ರಾ? ಹೇಗೂ ಗಿಡಕ್ಕೆ ಸುರೀತೀರಲ್ಲ ಅಂತ ಮೊದಲಿಂದಲೂ ಹಳಸಿದ ಮಜ್ಜಿಗೆಗೆ ತರಕಾರಿ ಸಿಪ್ಪೆ ರುಬ್ಬಿ ಕೊಡ್ತಿದ್ದೆ!"