ಮೇಲಿನ ಸಾಲಿನ ವೋಲ್ಟೇಜು

ಎಂಟರ್ ಒತ್ತಲು ಭಾವನ ಬೆರಳು ಬಾಗಿತ್ತು. "ತಡೀರಿ ಭಾವ, ಹಾಕಿದ್ದನ್ನ ಒಮ್ಮೆ ಬಾಯ್ಬಿಟ್ಟು ಓದಿ," ಎಂದಳು ನಾದಿನಿ. ಸಂಜೆಯೊಳಗೆ ಅವಳ ಕಾರ್ಟೂನು ಚಿತ್ರ ಈ ಹಳೆಯ ಕಂಪ್ಯೂಟರಿನಲ್ಲಿ ಮುಗಿಯದಿದ್ದರೆ ಸಿಗಲಿದ್ದ ಕೆಲಸ ಕೈತಪ್ಪುತ್ತಿತ್ತು. ಅದಕ್ಕೇ ಅವನು ಪ್ರೊಸೆಸರು, ಮೆಮೊರಿಗಳಿಗೆ ಹರಿಯುವ ವೋಲ್ಟೇಜನ್ನು ಏರಿಸಿ ಅದರ ವೇಗ ಹೆಚ್ಚಿಸಲು ಕೂತಿದ್ದ.

"ನಂಗೇ ಪಾಠನಾ, ಮೇಷ್ಟ್ರಮ್ಮ?" ಎಂದು ನಗುತ್ತ ಓದಿದ: "ಪ್ರೊಸೆಸರ್, ಒಂದೂವರೆ ವೋಲ್ಟ್..." ದನಿ ಅಲ್ಲೇ ನಿಂತಿತು. ಕೆಳಗಿನ ಸಾಲಿನ ಮೆಮೊರಿಗೆ ಕೊಡಬೇಕಾದದ್ದನ್ನು ಮೇಲಿನ ಪ್ರೊಸೆಸರಿನ ಸಾಲಿಗೆ ತುಂಬಿದ್ದ. ಎಂಟರ್ ಒತ್ತಿದ್ದರೆ, ಒಂದೂಕಾಲು ವೋಲ್ಟೇ ಸಾಕಾಗಿದ್ದ ಪ್ರೊಸೆಸರು ಸುಟ್ಟುಹೋಗುತ್ತಿತ್ತು.

ಅವನು ಕುರ್ಚಿಯಿಂದ ಎದ್ದುಬಿಟ್ಟ. "ಬೇಡಮ್ಮ, ಬೇರೆ ಯಾರನ್ನಾದ್ರೂ ಕರೆಸು. ನಾನು ಮತ್ತೆ ತಪ್ಪು ಮಾಡಿದ್ರೆ?"

ಅವಳಿಗೂ ಭಯವಾಗಿತ್ತು. ಅದನ್ನು ತೋರಗೊಡದೆ ಕುರ್ಚಿಯನ್ನು ಅವನತ್ತ ಎಳೆದಳು.

"ಕೂತ್ಕೊಳ್ಳಿ ಭಾವ. ಈಗ ಹೇಳಿ, ಪ್ರೊಸೆಸರಿಗೆ ಎಷ್ಟು ಕೊಡೋಣ?"